ಅಪ್ರದಕ್ಷಿಣೆ ಹಾಕುವ ವಿಮಾನಗಳು

ನನ್ನ ಸೋದರತ್ತೆಗೆ ಎಂಬತ್ತು ದಾಟಿದ ಮೇಲೆ ಅಪ್ಪ ಸಿಕ್ಕಿದ್ದಾನೆ. ಅವಳು ಹೊಟ್ಟೆಯಲ್ಲಿದ್ದಾಗಲೇ ಊರು ಬಿಟ್ಟು ಹೋದವನು ಅವನು. ಆಮೇಲೆ ಸತ್ತ ಸುದ್ದಿ ಬಂತು, ಅವನು ಬರಲಿಲ್ಲ. ನೆನಪಿಗೆಂದು ಒಂದು ಫೋಟೋ ಕೂಡ ಇರಲಿಲ್ಲ. ಅಂಥವನು ಈಗ ಯಲ್ದೂರಿನಲ್ಲಿ ಅವಳ ನಡುಮನೆಯ ಗೋಡೆಯ ಮೇಲೆ, ಗಾಜಿನ ಹಿಂದೆ, ಹಣೆಗೆ ಕುಂಕುಮ ಇಡಿಸಿಕೊಂಡು ನಿಂತಿದ್ದಾನೆ. ಹುಡುಕಿಕೊಟ್ಟವಳು ನಾನು ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಯಾರನ್ನೂ ಹುಡುಕಿಕೊಟ್ಟಿಲ್ಲ. ನಾನು ಹುಡುಕುತ್ತಿದ್ದದ್ದು ವಿಮಾನವನ್ನು. ಇದನ್ನು ನೆಂಟರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಮ್ಮೆ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಬೇಕು. ನಾನು ಹಳೆಯ ವಿಮಾನ ಪಂದ್ಯಗಳ ಫೋಟೋಗಳನ್ನು ಕೂಡಿಡುತ್ತೇನೆ. ವಿಮಾನ ಇನ್ನೂ ಹೊಸತಾಗಿದ್ದ ಕಾಲದಲ್ಲಿ, ಬಟ್ಟೆ ಹೊದಿಸಿದ ರೆಕ್ಕೆಗಳನ್ನು ತಂತಿಯಿಂದ ಬಿಗಿದು ಹಾರಿಸುತ್ತಿದ್ದ ದಿನಗಳಲ್ಲಿ, ದೊಡ್ಡ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಎತ್ತರದ ಗೋಪುರ ನಿಲ್ಲಿಸಿ, ಅವನ್ನು ಯಾರು ಮೊದಲು ಸುತ್ತಿ ಬರುತ್ತಾರೆ ಎಂದು ಪಂದ್ಯ ಇಡುತ್ತಿದ್ದರು. ಗೋಪುರ ಎಂದರೆ ಮರದ ಅಟ್ಟಣೆ, ದೂರದಿಂದ ಕಾಣಲೆಂದು ಅದಕ್ಕೆ ಕಪ್ಪು ಬಿಳಿ ಪಟ್ಟೆಯ ಬಟ್ಟೆ. ವಿಮಾನಗಳು ಒಂದರ ಹಿಂದೊಂದು ಬಂದು, ಅದರ ಪಕ್ಕದಲ್ಲೇ ಒಂದು ರೆಕ್ಕೆಯನ್ನು ನೆಲಕ್ಕೆ ಬಾಗಿಸಿ ತಿರುಗುತ್ತಿದ್ದವು. ಕೆಳಗೆ ಬಾವುಟ ಹಿಡಿದವನೊಬ್ಬ ನಿಂತಿರುತ್ತಿದ್ದ. ಗೋಪುರದ ಹೊರಗಿನಿಂದ ತಿರುಗಿದರೆ ಲೆಕ್ಕ, ಒಳಗಿನಿಂದ ಕತ್ತರಿಸಿಕೊಂಡು ಹೋದರೆ ಆಟದಿಂದ ಹೊರಗೆ. ಇಷ್ಟೇ ಆಟ. ಆದರೆ ಕೋಲಾರದ ಒಂದು ಗುಜರಿ ಅಂಗಡಿಯಲ್ಲಿ, ಹಳೇ ಫ್ಯಾನುಗಳ ಕೆಳಗೆ ಬಿದ್ದಿದ್ದ ಆಲ್ಬಮ್ಮೊಂದರಲ್ಲಿ ಮೊದಲ ಸಲ ಅಂಥ ಫೋಟೋ ನೋಡಿದಾಗ ಬೆಲೆ ಕೇಳದೆ ಇಡೀ ಆಲ್ಬಮ್ಮನ್ನೇ ಕೊಂಡುಬಿಟ್ಟೆ. ಚಿನ್ನದ ಗಣಿಯ ಬಿಳಿ ದೊರೆಗಳು ಬಂಗಲೆ ಬಿಟ್ಟು ಹೋಗುವಾಗ ಬಿಟ್ಟು ಹೋದ ಸಾಮಾನು ಕೈಯಿಂದ ಕೈಗೆ ಬಂದು ಕೊನೆಗೆ ಅಲ್ಲಿಗೆ ಸೇರುತ್ತಿತ್ತು. ಆವತ್ತಿನಿಂದ ಆ ಅಂಗಡಿಯವರಿಗೆ ನಾನು 'ಏರೋಪ್ಲೇನ್ ಮೇಡಂ'.

ಇದರಿಂದ ಯಾರಿಗೂ ತೊಂದರೆ ಇಲ್ಲ ಎಂದು ನಾನು ಅಂದುಕೊಂಡಿದ್ದೆ. ಆದರೆ ನಮ್ಮ ಕಡೆಯವರಿಗೆ ಫೋಟೋ ಎಂದರೆ ಒಂದೇ ಅರ್ಥ. ಬೆಂಗಳೂರಿನ ಆಫೀಸಿಗೆ ಮಾಲೂರಿನಿಂದ ರೈಲಿನಲ್ಲಿ ಓಡಾಡುತ್ತಿದ್ದ ವರ್ಷಗಳಲ್ಲಿ, ಕೂತುಕೊಳ್ಳಲು ಜಾಗ ಸಿಕ್ಕಿದ ದಿನ ನಾನು ಒಂದೆರಡು ಫೋಟೋ ತೆಗೆದು ಭೂತಗನ್ನಡಿ ಹಿಡಿದು ನೋಡುತ್ತಿದ್ದೆ. ಪಕ್ಕದಲ್ಲಿ ಕೂತವರು ಕತ್ತು ಚಾಚಿ ನೋಡುತ್ತಿದ್ದರು. ಆಮೇಲೆ ತಪ್ಪದೆ ಅದೇ ಪ್ರಶ್ನೆ.

"ಇದ್ರಲ್ಲಿ ನಿಮ್ಮವರು ಯಾರು?"

"ಯಾರೂ ಇಲ್ಲ."

"ಮತ್ತೆ ಇವರೆಲ್ಲ ಯಾರು?"

"ಗೊತ್ತಿಲ್ಲ."

"ಗೊತ್ತಿಲ್ದೋರ ಫೋಟೋ ಯಾಕೆ ಇಟ್ಕೊಂಡಿದೀರಾ?"

ಇದಕ್ಕೆ ಉತ್ತರ ಕೊಡಲು ನಾನು ವರ್ಷಗಟ್ಟಲೆ ಪ್ರಯತ್ನ ಪಟ್ಟಿದ್ದೇನೆ. ರೆಕ್ಕೆಯ ತಂತಿ ನೋಡಿ, ಚಕ್ರ ನೋಡಿ, ಬಾಲದ ಮೇಲಿನ ನಂಬರು ನೋಡಿ ಇದು ಯಾವ ವಿಮಾನ ಎಂದು ಕಂಡುಹಿಡಿಯುವ ಸುಖವನ್ನು ಹೇಳಿ ನೋಡಿದೆ. ನೆರಳು ಯಾವ ಕಡೆಗೆ ಬಿದ್ದಿದೆ, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಗಾಳಿಚೀಲ ಯಾವ ಕಡೆಗೆ ಊದಿಕೊಂಡಿದೆ, ವಿಮಾನ ಯಾವ ಕಡೆಗೆ ತಿರುಗುತ್ತಿದೆ, ಇವನ್ನು ಜೋಡಿಸಿದರೆ ಫೋಟೋ ತೆಗೆದವನು ಬಯಲಿನ ಯಾವ ಮೂಲೆಯಲ್ಲಿ ನಿಂತಿದ್ದ ಎಂದು ಹೇಳಬಹುದು ಎಂದೂ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, ಇಳಿಯುವಾಗ, "ಹಾಗಾದ್ರೆ ನಿಮ್ಮವರು ಯಾರೂ ಇಲ್ಲ ಅನ್ನಿ," ಎಂದು ಪಾಪ ಅನ್ನುವ ಹಾಗೆ ನನ್ನನ್ನು ನೋಡಿ ಹೋಗುತ್ತಿದ್ದರು. ನಮ್ಮ ಮನೆಯವರು ಈ ವಿಷಯದಲ್ಲಿ ಒಳ್ಳೆಯವರು, ಏನೂ ಕೇಳುವುದಿಲ್ಲ. ಫೋಟೋ ಪೆಟ್ಟಿಗೆ ಇಟ್ಟ ಬೀರುವಿಗೆ ಅವರು ಇಟ್ಟಿರುವ ಹೆಸರು 'ಏರ್‌ಪೋರ್ಟು'.

ಈ ಗಲಾಟೆಗೆಲ್ಲ ಕಾರಣವಾದ ಫೋಟೋ ನನ್ನ ಹತ್ತಿರ ಇರುವುದರಲ್ಲಿ ಬಹಳ ಒಳ್ಳೆಯದು. ಅದೂ ಗಣಿ ಬಂಗಲೆಯ ಆಲ್ಬಮ್ಮಿನಿಂದಲೇ ಬಂದದ್ದು. ಒಂದರ ಮೇಲೊಂದು ಎರಡು ರೆಕ್ಕೆಯ ವಿಮಾನವೊಂದು ಎಡದಿಂದ ಬಲಕ್ಕೆ ಹೊಟ್ಟೆ ತೋರಿಸಿಕೊಂಡು ವಾಲಿದೆ, ಅದರ ಆಚೆಗೆ ಪಟ್ಟೆ ಗೋಪುರ, ಹಿಂದೆ ಇನ್ನೊಂದು ವಿಮಾನ ಸೊಳ್ಳೆಯಷ್ಟು ಸಣ್ಣದಾಗಿ ಬರುತ್ತಿದೆ. ಗೋಪುರದ ಬುಡದಲ್ಲಿ ರುಮಾಲು ಸುತ್ತಿದ ಉದ್ದನೆಯ ಮನುಷ್ಯನೊಬ್ಬ ಬಾವುಟ ಎತ್ತಿ ನಿಂತಿದ್ದಾನೆ. ಆ ರುಮಾಲಿನಿಂದಲೇ ಇದು ನಮ್ಮ ದೇಶದಲ್ಲಿ ನಡೆದ ಪಂದ್ಯ ಎಂದು ನನ್ನ ಅಂದಾಜು. ಬಯಲಿನ ಆಚೆ ಕಾಣುವ ಗಿಡಗಳನ್ನು ನೋಡಿದರೆ ಉತ್ತರದ ಕಡೆ ಎಲ್ಲೋ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ವಿಮಾನ ಗೋಪುರವನ್ನು ತನ್ನ ಎಡಕ್ಕೆ ಇಟ್ಟುಕೊಂಡು ತಿರುಗುತ್ತಿದೆ. ನನ್ನ ಹತ್ತಿರ ಇರುವ ಫೋಟೋಗಳಲ್ಲೆಲ್ಲ ಹಾಗೆಯೇ. ಸ್ಕೂಲಿನ ಮೈದಾನದಲ್ಲಿ ಹುಡುಗರನ್ನು ಓಡಿಸುವುದೂ ಹಾಗೆಯೇ, ಎಡಕ್ಕೆ ತಿರುಗುತ್ತಾ. ಅದರಲ್ಲಿ ಯಾರೂ ಯಾವತ್ತೂ ತಪ್ಪು ಕಂಡಿಲ್ಲ.

ಕಂಡವರು ಮುಳಬಾಗಿಲಿನ ಸ್ಟುಡಿಯೋದವರು. ಫೋಟೋದ ಒಂದು ಮೂಲೆ ಮಾಸಲು ಶುರುವಾಗಿತ್ತು. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿಟ್ಟರೆ ಮೂಲ ಫೋಟೋವನ್ನು ಮತ್ತೆ ಮತ್ತೆ ಮುಟ್ಟುವುದು ತಪ್ಪುತ್ತದೆ ಎಂದುಕೊಂಡೆ. ಆ ಸ್ಟುಡಿಯೋದವರಿಗೆ ಹಳೇ ಫೋಟೋ ರಿಪೇರಿಯಲ್ಲಿ ಸುತ್ತಮುತ್ತ ಒಳ್ಳೆಯ ಹೆಸರು. ಕಣ್ಣು ಮುಚ್ಚಿಕೊಂಡವರ ಕಣ್ಣು ತೆರೆಸಿಕೊಡುತ್ತಾರೆ. ಬನಿಯನ್ನಿನಲ್ಲಿ ಕೂತವರಿಗೆ ಕೋಟು ತೊಡಿಸಿಕೊಡುತ್ತಾರೆ. ಬೇರೆ ಬೇರೆ ವರ್ಷ ಸತ್ತ ಗಂಡ ಹೆಂಡತಿಯನ್ನು ಒಂದೇ ಸೋಫಾದ ಮೇಲೆ ಕೂರಿಸಿಕೊಡುತ್ತಾರೆ. ಇದು ಗೊತ್ತಿದ್ದೇ ನಾನು ಎದುರು ಕೂತು ಸ್ಕ್ಯಾನ್ ಮಾಡಿಸಿ, ಮೂಲ ಫೋಟೋ ವಾಪಸ್ ತೆಗೆದುಕೊಂಡು, ಬಿಡಿಸಿ ಹೇಳಿದ್ದೆ: ದೊಡ್ಡದು ಮಾಡಿ, ಆ ಮೂಲೆ ಸರಿ ಮಾಡಿ, ಬೇರೆ ಏನನ್ನೂ ಮುಟ್ಟಬೇಡಿ. ಅವರು, "ನಂಗೆ ಬಿಡಿ ಮೇಡಂ," ಎಂದರು. ಆ ಮಾತಿಗೇ ನಾನು ಹೆದರಬೇಕಿತ್ತು.

ಫೋಟೋ ಸಿದ್ಧವಾದಾಗ ಅತ್ತೆಯ ಮಗ ಪಂಪ್‌ಸೆಟ್ ರಿಪೇರಿಗೆಂದು ಮುಳಬಾಗಿಲಿಗೆ ಹೋಗಿದ್ದ. ಅವನು ನನಗೆ ಬಾವ ಆಗಬೇಕು. ಒಂದು ಕಾಲದಲ್ಲಿ ನನ್ನನ್ನು ಅವನಿಗೇ ಕೊಡಬೇಕೆಂದು ಮನೆಯಲ್ಲಿ ಮಾತೂ ಆಗಿತ್ತು. ದೇವರು ದೊಡ್ಡವನು. ಬಾವ ಮುಂದಿನ ವಾರ ಮಾವಿನಹಣ್ಣು ಕೊಡಲು ಮಾಲೂರಿಗೆ ಬರುವವನಿದ್ದ, ಆಗ ಫೋಟೋವನ್ನೂ ತರಲಿ ಎಂದು ಫೋನ್ ಮಾಡಿದೆ.

"ಸುತ್ತಿರೋ ಕಾಗದ ಬಿಚ್ಚಬೇಡ ಬಾವ. ಹಾಗೇ ಬೀರು ಮೇಲೆ ಇಟ್ಬಿಡು."

"ಏನದು ಅಂಥಾದ್ದು?"

"ಗಣಿ ಬಂಗಲೆ ಆಲ್ಬಮ್ಮಲ್ಲಿತ್ತು. ಉತ್ತರದ ಕಡೆ ಎಲ್ಲೋ ನಡೆದಿರಬೇಕು, ವಿಮಾನದ ಪಂದ್ಯ."

"ಪಂದೆಂ ಅಂದ್ರೆ, ಕೋಳಿ ಪಂದೆಂ ಥರಾನಾ? ದುಡ್ಡು ಕಟ್ತಿದ್ರಾ?"

"ಬಿಚ್ಚಬೇಡ ಅಂದೆ ಅಷ್ಟೇ."

ಬಿಚ್ಚಬೇಡ ಎಂದರೆ ಬಿಚ್ಚು ಎಂದು ಹೇಳಿದ ಹಾಗೆ ಎನ್ನುವುದು ನನಗೂ ಗೊತ್ತಿರಬೇಕಿತ್ತು, ಚಿಕ್ಕಂದಿನಿಂದ ನೋಡಿದವಳು. ಮಾರನೆಯ ದಿನ ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ವಿಡಿಯೋ ಕಾಲ್ ಬಂತು. ತೆರೆಯ ಮೇಲೆ ಮೊದಲು ಬಾವನ ಮೂಗು, ಆಮೇಲೆ ಜಂತೆ, ಆಮೇಲೆ ಅತ್ತೆ. ಅತ್ತೆಯ ಕಣ್ಣು ತುಂಬಿಕೊಂಡಿತ್ತು. ಯಾರಿಗೋ ಏನೋ ಆಗಿದೆ ಎಂದು ಒಲೆ ಆರಿಸಿದೆ.

"ಅಮ್ಮಣ್ಣೀ, ನಮ್ ನಾಯನ ಸಿಕ್ಬಿಟ್ನಲ್ಲೇ," ಎಂದಳು.

ನಮ್ಮ ಮನೆಯಲ್ಲಿ ಹಳೇ ತಲೆಮಾರಿನವರು ಅಪ್ಪನನ್ನು ತೆಲುಗಿನ ಹಾಗೆ ನಾಯನ ಎಂದೇ ಕರೆಯುವುದು. ಯಾವ ನಾಯನ, ಯಾರ ನಾಯನ ಎಂದು ನಾನು ಕೇಳುವಷ್ಟರಲ್ಲಿ ಬಾವ ಫೋನನ್ನು ಗೋಡೆಯ ಕಡೆಗೆ ಹಿಡಿದ. ನನ್ನ ವಿಮಾನ ಪಂದ್ಯ ಮೊಳೆಗೆ ನೇತು ಬಿದ್ದಿತ್ತು. ಬಾವುಟ ಹಿಡಿದ ರುಮಾಲಿನವನ ಹಣೆಗೆ ಗಾಜಿನ ಮೇಲೆ ಕುಂಕುಮ, ಕಟ್ಟಿನ ಮೇಲೆ ಒಂದು ಮೊಳ ಕನಕಾಂಬರ.

"ನೋಡೇ, ಎಡಗೈ. ಬಾವುಟ ಎಡಗೈಲಿ ಹಿಡಿದವ್ನೆ ನೋಡು," ಎಂದು ಅತ್ತೆಯ ದನಿ ಬಂತು.

ಆ ಎಡಗೈ ಏಕೆ ಅಷ್ಟು ದೊಡ್ಡ ವಿಷಯ ಎಂದು ಹೇಳದಿದ್ದರೆ ಅತ್ತೆಗೆ ಅನ್ಯಾಯವಾಗುತ್ತದೆ. ತಾತ, ಅಂದರೆ ಅತ್ತೆಯ ಅಪ್ಪ, ಗಣಿಯ ಒಬ್ಬ ದೊರೆಯ ಹತ್ತಿರ ಕೆಲಸಕ್ಕಿದ್ದನಂತೆ. ಆ ದೊರೆ ಉತ್ತರದ ಕಡೆಗೆ ಹೊರಟಾಗ ಅವನ ಜತೆ ಹೋದವನು ಅಲ್ಲೇ ಜ್ವರ ಬಂದು ತೀರಿಕೊಂಡ. ನನ್ನ ಅಪ್ಪ ಆಗ ಇನ್ನೂ ಅಂಬೆಗಾಲಿಡುವ ಮಗು, ಅವರಿಗೂ ಏನೂ ನೆನಪಿರಲಿಲ್ಲ. ಅಜ್ಜಿ ಮಗಳಿಗೆ ತನ್ನ ಗಂಡನ ಬಗ್ಗೆ ಹೇಳಿದ್ದು ಎರಡೇ ಸಂಗತಿ: ಉದ್ದಕ್ಕಿದ್ದ, ಎಡಚನಾಗಿದ್ದ. ಅತ್ತೆಯೂ ಎಡಚಿ. ಅಪ್ಪನಿಂದ ಬಂದದ್ದು ಎಂದು ಮನೆಯವರೆಲ್ಲ ಅದನ್ನೊಂದು ರೋಗದ ಹಾಗೆ ಬಿಡಿಸಲು ನೋಡಿದರು. ಊಟಕ್ಕೆ ಕೂರಿಸುವಾಗ ಎಡಗೈಯನ್ನು ಹಿಂದಕ್ಕೆ ಮಾಡಿ ಲಂಗದ ಲಾಡಿಗೆ ಕಟ್ಟುತ್ತಿದ್ದರು. ಸ್ಕೂಲಿನಲ್ಲಿ ಅದೇ ಕೈಗೆ ಬೆತ್ತ. ಮದುವೆಯಲ್ಲಿ, ಮರೆತು ಎಡಗೈಯಲ್ಲಿ ತಾಂಬೂಲ ಕೊಟ್ಟುಬಿಟ್ಟಾಳೆಂದು ದೊಡ್ಡವರೊಬ್ಬರು ಅವಳ ಪಕ್ಕದಲ್ಲೇ ನಿಂತು ಆ ಕೈಯನ್ನು ಸೆರಗಿನೊಳಗೆ ಹಿಡಿದುಕೊಂಡಿದ್ದರಂತೆ. ಈಗಲೂ ಯಾರೂ ಇಲ್ಲದಿದ್ದಾಗ ಮಾತ್ರ ಅವಳು ಎಡಗೈಯಲ್ಲಿ ಮಾವಿನಕಾಯಿ ಹೆಚ್ಚುತ್ತಾಳೆ, ಕಾಲಿನ ಸಪ್ಪಳ ಕೇಳಿದ ತಕ್ಷಣ ಚಾಕು ಬಲಗೈಗೆ ಬರುತ್ತದೆ. ಅವಳಿಗೆ ಅಪ್ಪನಿಂದ ಬಂದ ಆಸ್ತಿ ಎಂದರೆ ಆ ಕೈ ಒಂದೇ.

ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ ಆ ಕ್ಷಣಕ್ಕೆ ನನಗೆ ಕಂಡದ್ದು ಎಡಗೈ ಅಲ್ಲ. ನನ್ನ ವಿಮಾನ ಬಲದಿಂದ ಎಡಕ್ಕೆ ಹೋಗುತ್ತಿತ್ತು.

ಸೆಲ್ಫಿ ಕ್ಯಾಮೆರಾ ಬಲವನ್ನು ಎಡ ಮಾಡಿ ತೋರಿಸುತ್ತದಲ್ಲ, ಅದಿರಬೇಕು ಎಂದುಕೊಂಡು, "ಬಾವ, ಕ್ಯಾಮೆರಾ ಬದಲಾಯಿಸು," ಎಂದೆ. ಅವನು ಬದಲಾಯಿಸಿದ. ವಿಮಾನ ಬದಲಾಗಲಿಲ್ಲ. ಹತ್ತಿರ ಹಿಡಿ ಎಂದೆ. ಹಿಡಿದ. ಬಾಲದ ಮೇಲಿನ ನಂಬರು ನೇರವಾಗಿಯೇ ಇತ್ತು. ಫೋಟೋ ತಿರುಗಿದ್ದರೆ ನಂಬರೂ ತಿರುಗಬೇಕು. ನಂಬರು ನೇರವಾಗಿದೆ, ವಿಮಾನ ಉಲ್ಟಾ. ನನಗೆ ತಲೆ ಕೆಟ್ಟಂತಾಯಿತು. ಆ ಕಡೆಯಿಂದ ಅತ್ತೆ ತಿಥಿಯ ದಿನ ಇನ್ನು ಮೇಲೆ ಫೋಟೋ ಮುಂದೆ ಎಡೆ ಇಡಬಹುದು ಎಂದು ಹೇಳುತ್ತಿದ್ದಳು, ನಾನು ಸರಿ ಸರಿ ಎಂದು ಫೋನ್ ಇಟ್ಟು ಮುಳಬಾಗಿಲಿಗೆ ಮಾಡಿದೆ.

"ಹಾಂ ಮೇಡಂ, ಚೆನ್ನಾಗಿ ಬಂದಿದೆ ಅಲ್ವಾ?" ಎಂದರು ಸ್ಟುಡಿಯೋದವರು.

"ಫೋಟೋ ಯಾಕೆ ತಿರುಗಿಸಿದ್ರಿ?"

"ಅದಾ ಮೇಡಂ. ಅಪ್ರದಕ್ಷಿಣೆ ಬರ್ತಿತ್ತು. ಸರಿ ಮಾಡಿದೀನಿ."

ಅವರೇ ಮುಂದುವರಿಸಿದರು.

"ಗೋಪುರ ಬಲಗಡೆಗೆ ಬರ್ಬೇಕಲ್ವಾ ಸುತ್ತೋವಾಗ. ನಿಮ್ಮ ಫೋಟೋದಲ್ಲಿ ಎಡಗಡೆ ಇಟ್ಕೊಂಡು ಸುತ್ತುತಾ ಇತ್ತು. ಹಾಗೆ ಸುತ್ತೋದು ಸಾವಲ್ಲಿ ಮಾತ್ರ ಮೇಡಂ. ಮನೇಲಿ ಹಾಕ್ಕೊಳ್ಳೋ ಫೋಟೋ, ಯಾಕೆ ಬೇಕು ಅಂತ."

"ಅದು ದೇವಸ್ಥಾನದ ಗೋಪುರ ಅಲ್ರೀ. ವಿಮಾನ ಓಡಿಸೋ ಪಂದ್ಯ."

"ಗರ್ಭಗುಡಿ ಮೇಲೆ ಇರೋದೂ ವಿಮಾನಾನೇ ಅಂತಾರಲ್ಲ ಮೇಡಂ."

"ನಂಬರು ಹೆಂಗೆ ನೇರ ಇದೆ?"

"ಅದು ಉಲ್ಟಾ ಆಗ್ಬಿಡ್ತು. ಒಂದೊಂದೇ ಕತ್ತರಿಸಿ ತಿರುಗಿಸಿ ಕೂರಿಸ್ದೆ. ಹಿಂದಿನ ಸಣ್ಣ ವಿಮಾನದ್ದೂ ಬಿಟ್ಟಿಲ್ಲ. ಗೊತ್ತೇ ಆಗಲ್ಲ ನೋಡಿ ಬೇಕಾದ್ರೆ."

ಗೊತ್ತೇ ಆಗುವುದಿಲ್ಲ, ನಿಜ. ಅದೇ ನನ್ನ ಸಂಕಟ. ವರ್ಷಗಟ್ಟಲೆ ನೆರಳು, ಗಾಳಿ, ದಿಕ್ಕು ಎಂದು ತಲೆ ಕೆಡಿಸಿಕೊಂಡು ನಾನು ಕಟ್ಟಿದ್ದನ್ನೆಲ್ಲ ಈ ಮನುಷ್ಯ ಒಂದು ಗುಂಡಿ ಒತ್ತಿ ತಿರುವಿ ಹಾಕಿದ್ದರು, ಅದೂ ನನ್ನ ಒಳ್ಳೆಯದಕ್ಕೆ. ಬೇಕೆಂದು ಹಾಳು ಮಾಡಿದವರ ಮೇಲೆ ಜಗಳ ಆಡಬಹುದು. ಒಳ್ಳೆಯದು ಮಾಡಿದವರ ಮೇಲೆ ಹೇಗೆ ಆಡುವುದು. ಫೋನ್ ಇಟ್ಟು ಅಡುಗೆಮನೆಗೆ ಬಂದರೆ ಎಣ್ಣೆ ಆರಿ ಹೋಗಿತ್ತು, ಸಾಸಿವೆ ಸಿಡಿದಿರಲಿಲ್ಲ.

ಅಷ್ಟು ಹೊತ್ತಿಗೆ ಸರಿಯಾಗಿ ಲೆಕ್ಕ ಹೊಳೆಯಿತು. ಫೋಟೋ ತಿರುಗಿದರೆ ವಿಮಾನ ಮಾತ್ರ ತಿರುಗುವುದಿಲ್ಲ. ಬೀರು ತೆಗೆದು ಮೂಲ ಫೋಟೋ ನೋಡಿದೆ. ರುಮಾಲಿನವನ ಬಾವುಟ ಬಲಗೈಯಲ್ಲಿತ್ತು. ಅತ್ತೆ ಕಂಡ ಎಡಗೈ ಮುಳಬಾಗಿಲಿನಲ್ಲಿ ಹುಟ್ಟಿದ್ದು.

ಅವತ್ತೇ ಫೋನ್ ಮಾಡಿ ಹೇಳಿಬಿಟ್ಟಿದ್ದರೆ ಆಗುತ್ತಿತ್ತು ಎಂದು ನಮ್ಮ ಮನೆಯವರು ಈಗ ಹೇಳುತ್ತಾರೆ. ಅವರಿಗೆ ಹೇಳುವುದು ಸುಲಭ. ಅವತ್ತು ನಾನು ಐದಾರು ಸಲ ಫೋನ್ ಮಾಡಿದೆ. ಪ್ರತಿ ಸಲವೂ ಅತ್ತೆಯ ಮನೆಯಲ್ಲಿ ಯಾರೋ ಫೋಟೋ ನೋಡಲು ಬಂದಿರುತ್ತಿದ್ದರು, ಅತ್ತೆ ಅವರಿಗೆ ಕಾಫಿ ಕೊಡುತ್ತಿದ್ದಳು. ಬಾವ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ: 'ನಮ್ಮ ತಾತ, ವಿಮಾನದ ಕೆಲಸದಲ್ಲಿ'. ಸಂಜೆಯ ಹೊತ್ತಿಗೆ ಶ್ರೀನಿವಾಸಪುರದ ನೆಂಟರೊಬ್ಬರು ನನಗೆ ಫೋನ್ ಮಾಡಿ, ನಿಮ್ಮ ತಾತ ಪೈಲಟ್ ಅಂತೆ, ಹೇಳಲೇ ಇಲ್ಲವಲ್ಲ ಎಂದು ಕೇಳಿದರು. ಬೆಳಿಗ್ಗೆ ಬಾವುಟ ಹಿಡಿದಿದ್ದವನು ಸಂಜೆಯೊಳಗೆ ವಿಮಾನ ಹತ್ತಿದ್ದ. ಇನ್ನು ಸುಮ್ಮನಿದ್ದರೆ ಮುಂದಿನ ವಾರಕ್ಕೆ ಪಂದ್ಯವನ್ನೂ ಗೆದ್ದುಬಿಡುತ್ತಾನೆ ಎಂದು, ಮೂಲ ಫೋಟೋವನ್ನು ಎರಡು ರಟ್ಟಿನ ನಡುವೆ ಇಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಾರನೆಯ ದಿನ ಯಲ್ದೂರಿಗೆ ಹೊರಟೆ.

ಮಾಲೂರಿನಿಂದ ಕೋಲಾರಕ್ಕೆ, ಕೋಲಾರದಿಂದ ಶ್ರೀನಿವಾಸಪುರಕ್ಕೆ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಒಮ್ಮೆ ಮೆತ್ತಗೆ ಹೇಳುವುದು ಎಂದುಕೊಂಡೆ, ಒಮ್ಮೆ ಕಡ್ಡಿ ಮುರಿದಂತೆ ಹೇಳುವುದು ಎಂದುಕೊಂಡೆ. ಹೇಳದೆ ಬಿಟ್ಟರೆ ಏನು ಎಂದೂ ಅನಿಸಿತು. ಆದರೆ ಗೊತ್ತಿಲ್ಲದವನಿಗೆ ತಾತ ಎಂದು ಎಡೆ ಇಡುವುದು ನನ್ನಿಂದ ನೋಡಲಾಗದು. ಅವನಿಗೂ ಎಲ್ಲೋ ಮಕ್ಕಳು ಮೊಮ್ಮಕ್ಕಳು ಇರುತ್ತಾರೆ. ಫೋಟೋದಲ್ಲಿ ಇರುವುದನ್ನು ಇರುವ ಹಾಗೆ ಹೇಳುವುದು ಬಿಟ್ಟರೆ ನನ್ನ ಈ ಕೆಲಸಕ್ಕೆ ಬೇರೆ ಮರ್ಯಾದೆಯೇ ಇಲ್ಲ. ಶ್ರೀನಿವಾಸಪುರದಲ್ಲಿ ಬಸ್ಸು ಬದಲಾಯಿಸುವಾಗ ಮಾವಿನ ಮಂಡಿಯ ಕಡೆಯಿಂದ ಲಾರಿಗಳು ಸಾಲಾಗಿ ಬಂದು ದಾರಿ ಕಟ್ಟಿಕೊಂಡಿದ್ದವು. ಸೆಕೆ, ಧೂಳು, ಕೊಳೆತ ಹಣ್ಣಿನ ವಾಸನೆ. ನನ್ನ ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಆ ಹೊತ್ತಿಗೆ ಲಾರಿಗಳ ಮೇಲೂ ಇತ್ತು.

ಅತ್ತೆ ಜಗಲಿಯ ಮೇಲೆ ಉಪ್ಪಿನಕಾಯಿಗೆ ಹೆಚ್ಚುತ್ತಿದ್ದಳು. ನನ್ನನ್ನು ಕಂಡು ಚಾಕು ಬಲಗೈಗೆ ಹೋಯಿತು.

"ಬಾರೇ ನಾ ತಲ್ಲಿ, ನನ್ನ ತಾಯಿ. ನಿನ್ನ ಬಾಯಿಗೆ ಸಕ್ರೆ ಹಾಕ್ಬೇಕು ಕಣೇ. ಬಾ, ನಾಯನ್ನ ನೋಡು ಬಾ," ಎಂದು ಒಳಗೆ ಕರೆದುಕೊಂಡು ಹೋದಳು.

ಗೋಡೆಯ ಮೇಲೆ ನೋಡಿದೆ. ಕೆಲಸ ಅಚ್ಚುಕಟ್ಟಾಗಿತ್ತು ಎಂದು ಒಪ್ಪಲೇಬೇಕು, ಅದು ಇನ್ನಷ್ಟು ಹೊಟ್ಟೆ ಉರಿಸಿತು. ಬಾವ ಚಾಪೆ ಹಾಸಿ ಕೂರಿಸಿ, ನಾನು ಬಾಯಿ ಬಿಡುವ ಮುಂಚೆಯೇ ವಾದಕ್ಕೆ ನಿಂತ. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು.

"ಏನಮ್ಮೀ, ನಿಂಗೆ ನಂಬಿಕೆ ಇಲ್ವಾ?"

"ಇದು ತಾತ ಅಂತ ಹೆಂಗೆ ಹೇಳ್ತೀಯಾ ಬಾವ?"

"ನೀನೇ ಹೇಳು. ಈ ಫೋಟೋ ಎಲ್ಲಿಂದ ಬಂತು? ಗಣಿ ಬಂಗಲೆಯಿಂದ. ತಾತ ಹೋಗಿದ್ದು ಯಾರ ಜತೆ? ಗಣಿ ದೊರೆ ಜತೆ. ಯಾವ ಕಡೆಗೆ ಹೋದ? ಉತ್ತರದ ಕಡೆಗೆ. ಇದು ಯಾವ ಕಡೆ ಅಂತ ನೀನೇ ಅವತ್ತು ಫೋನಲ್ಲಿ ಹೇಳ್ದೆ?"

"ಉತ್ತರದ ಕಡೆ ಇರಬೇಕು ಅಂದೆ. ಇರಬೇಕು."

"ಮತ್ತೆ?"

"ಗಣೀಲಿ ದೊರೆಗಳಿಗೇನು ಕಮ್ಮಿನಾ ಬಾವ? ಒಬ್ಬೊಬ್ಬ ದೊರೆಗೆ ಎಷ್ಟು ಜನ ಆಳುಗಳು?"

"ಅಷ್ಟರಲ್ಲಿ ಎಡಚರು ಎಷ್ಟು ಜನ?" ಎಂದು ಬಾವ ಗೆದ್ದವನ ಹಾಗೆ ಗೋಡೆಗೆ ಒರಗಿದ.

ವಾದವೆಲ್ಲ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ನಿಜ ಹೇಳಬೇಕೆಂದರೆ ಬಾವನ ಉಳಿದ ಮಾತುಗಳನ್ನು ಅಲ್ಲಗಳೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಆಲ್ಬಮ್ಮು ಗಣಿಯದ್ದೇ, ಮನುಷ್ಯ ಉದ್ದಕ್ಕಿದ್ದಾನೆ, ಕಾಲ ಸರಿಸುಮಾರು ಹೊಂದುತ್ತದೆ. ಇವನು ತಾತ ಅಲ್ಲ ಎಂದು ಹೇಳಲು ನನಗಿದ್ದದ್ದು ಒಂದೇ ಆಧಾರ, ಆ ಬಲಗೈ. ನಾನು ಚೀಲ ತೆಗೆದು, ರಟ್ಟು ಬಿಚ್ಚಿ, ಮೂಲ ಫೋಟೋವನ್ನು ಅತ್ತೆಯ ಮುಂದೆ ಚಾಪೆಯ ಮೇಲೆ ಇಟ್ಟೆ.

"ಅತ್ತೆ, ಇದು ನಿಜವಾದ್ದು. ಗೋಡೆ ಮೇಲಿರೋದನ್ನ ಸ್ಟುಡಿಯೋದವರು ತಿರುಗಿಸಿಬಿಟ್ಟಿದಾರೆ. ಕನ್ನಡೀಲಿ ಕಂಡಂಗೆ. ಗೋಪುರಕ್ಕೆ ಅಪ್ರದಕ್ಷಿಣೆ ಆಗುತ್ತೆ ಅಂತ."

ಹೇಗೆ ಅರ್ಥ ಮಾಡಿಸುವುದು ಎಂದು ನಾನು ಕಿಟಕಿಯ ಪಕ್ಕದ ಕನ್ನಡಿಯನ್ನು ಮೊಳೆಯಿಂದ ತೆಗೆಯಲು ಎದ್ದೆ. ಬೇಕಾಗಲಿಲ್ಲ. ಅವಳು ಒಮ್ಮೆ ಚಾಪೆಯ ಕಡೆ ನೋಡಿದಳು, ಒಮ್ಮೆ ಗೋಡೆಯ ಕಡೆ. ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಜೀವಮಾನವಿಡೀ ಯಾವ ಕೈ ಎಂದು ಯೋಚಿಸಿಯೇ ಕೈ ಚಾಚಿದವಳಿಗೆ ಎಡ ಬಲ ಅರ್ಥ ಮಾಡಿಸಲು ನಾನು ಕನ್ನಡಿ ಹುಡುಕುತ್ತಿದ್ದೆ.

"ಬಲಗೈ," ಎಂದಳು.

"ಹೌದು ಅತ್ತೆ."

ಅತ್ತೆ ಫೋಟೋದ ಮೇಲೆ ಬಗ್ಗಿದಳು. ಬೆರಳಿನಲ್ಲಿ ಮಾವಿನಕಾಯಿಯ ಸೊನೆ ಇತ್ತು, ಮುಟ್ಟಬೇಡ ಎಂದು ನಾನು ಹೇಳಲಿಲ್ಲ. ಅವಳೂ ಮುಟ್ಟಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು. ಸ್ಟುಡಿಯೋದವರ ಮೇಲೆ, ಬಾವನ ಮೇಲೆ, ಗುಜರಿ ಅಂಗಡಿಯ ಮೇಲೆ ಇದ್ದ ಸಿಟ್ಟೆಲ್ಲ ಇಳಿದು, ಈ ರಟ್ಟನ್ನು ಮತ್ತೆ ಮುಚ್ಚಿ ಬಸ್ಸು ಹತ್ತಿಬಿಟ್ಟರೆ ಸಾಕು ಎನಿಸಿತು.

"ಅಮ್ಮಣ್ಣೀ, ಇಲ್ಲಿ ಎಷ್ಟು ಜನ ಇದಾರೆ?" ಎಂದು ಅತ್ತೆ ಕೇಳಿದಳು.

"ಎಲ್ಲಿ?"

"ಇಲ್ಲಿ, ಇವನ ಸುತ್ತ. ದೊರೆಗಳು, ದೊರೆಸಾನಿಗಳು. ಹಿಂದೆ ಕುರ್ಚಿ ಹಾಕ್ಕೊಂಡು ಕೂತವ್ರ?"

ಕೂತಿದ್ದರು. ಗೋಪುರದ ಆಚೆ, ಮಸುಕಾಗಿ, ಟೋಪಿ ಹಾಕಿದವರ ಸಾಲು. ಆ ಸಾಲಿನ ಟೋಪಿಗಳನ್ನು ನೋಡಿಯೇ ನಾನು ಕಾಲದ ಅಂದಾಜು ಮಾಡಿದ್ದು. ಇದ್ದಾರೆ ಎಂದೆ.

"ಅಷ್ಟು ದೊಡ್ಡೋರ ಮುಂದೆ ಎಡಗೈಲಿ ಬಾವುಟ ಹಿಡಿಯಕ್ಕೆ ಬಿಡ್ತಾರೇನೇ?" ಎಂದಳು ಅತ್ತೆ. "ನನ್ನನ್ನೇ ನನ್ನ ಮದ್ವೇಲಿ ಬಿಡ್ಲಿಲ್ಲ. ಊಟಕ್ಕೆ ಕೂತ್ರೆ ನಾಯನನ ಕೈ ಮೇಲೆ ಸೌಟಲ್ಲಿ ಹೊಡೀತಿದ್ರಂತೆ, ಊರಲ್ಲಿ ಹಳಬ್ರು ಹೇಳೋರು. ಮನೇಲೇ ಹಂಗೆ. ಇನ್ನು ದೊರೆ ಹತ್ರ ಬಿಡ್ತಾರಾ? ಬಲಗೈಲಿ ಹಿಡಿ ಅಂದಿರ್ತಾರೆ. ಹಿಡಿದವ್ನೆ. ನೋಡು ಎಷ್ಟು ಬಿಗಿಯಾಗಿ ಹಿಡಿದವ್ನೆ, ರೂಢಿ ಇಲ್ದೋನು."

"ಅತ್ತೆ, ಅದು ಹಂಗಲ್ಲ."

"ಇದ್ರಲ್ಲಿ ಅವರು ಹಿಡಿಸಿರೋದು ಕಣೇ," ಎಂದು ಚಾಪೆಯ ಮೇಲಿನದನ್ನು ತೋರಿಸಿದಳು. ಆಮೇಲೆ ಗೋಡೆಯ ಕಡೆಗೆ ಗದ್ದ ಎತ್ತಿದಳು. "ಅದ್ರಲ್ಲಿ ನಾಯನ ಹಿಡಿದಿರೋದು."

ನೆರಳು ಎನ್ನಲೇ, ಗಾಳಿಚೀಲ ಎನ್ನಲೇ. ವಿದೇಶದ ಸಂಗ್ರಹಕಾರರ ಜತೆ ರೆಕ್ಕೆಯ ಒಂದು ಕಡ್ಡಿಯ ವಿಷಯಕ್ಕೆ ತಿಂಗಳುಗಟ್ಟಲೆ ಇಂಟರ್ನೆಟ್ಟಿನಲ್ಲಿ ವಾದ ಮಾಡಿದವಳು ನಾನು. ನಾನು ತಂದ ಒಂದೇ ಒಂದು ಆಧಾರವನ್ನು ಈ ಮುದುಕಿ ಎತ್ತಿ ತನ್ನ ಕಡೆಗೆ ಇಟ್ಟುಕೊಂಡುಬಿಟ್ಟಿದ್ದಳು. ಇನ್ನೂ ಬೇಸರದ ಸಂಗತಿ ಎಂದರೆ, ಬಗ್ಗಿ ನೋಡಿದರೆ ಆ ಕೈ ಬಾವುಟದ ಕೋಲನ್ನು ನಿಜವಾಗಿಯೂ ತುಂಬಾ ಬಿಗಿಯಾಗಿ ಹಿಡಿದಿತ್ತು. ಬಿಸಿಲಿಗೆ ಹಿಡಿದಿರಬಹುದು, ಗಾಳಿಗೆ ಹಿಡಿದಿರಬಹುದು, ತಲೆಯ ಮೇಲೆ ಹೋಗುವ ವಿಮಾನದ ಸದ್ದಿಗೆ ಹೆದರಿ ಹಿಡಿದಿರಬಹುದು. ಇದನ್ನೆಲ್ಲ ಹೇಳಿದೆ. ಅತ್ತೆ, "ಪೋನೀಲೇ," ಎಂದಳು, ಹೋಗಲಿ ಬಿಡು ಎಂದು ಮಗುವಿಗೆ ಹೇಳುವ ಹಾಗೆ.

"ನಿನ್ನ ಹತ್ರ ಇರೋದನ್ನೂ ಆ ಸ್ಟುಡಿಯೋದವರ ಹತ್ರ ಸರಿ ಮಾಡಿಸ್ಕೊಂಡ್ಬಿಡು," ಎಂದೂ ಸೇರಿಸಿದಳು.

ಬಾವ ಕಿಸಕ್ಕನೆ ನಕ್ಕ. ನಾನು ಫೋಟೋವನ್ನು ರಟ್ಟಿನೊಳಗೆ ಇಟ್ಟು ಪ್ಲಾಸ್ಟಿಕ್ ಸುತ್ತಿದೆ. ಗಂಟು ಸರಿಯಾಗಿ ಬೀಳಲಿಲ್ಲ, ಹಾಗೇ ಚೀಲಕ್ಕೆ ತುರುಕಿದೆ. ಹೊರಡುತ್ತೇನೆ, ಶ್ರೀನಿವಾಸಪುರದ ಬಸ್ಸು ತಪ್ಪುತ್ತದೆ ಎಂದೆ. ಗೋಡೆಯ ಮೇಲಿನದನ್ನು ವಾಪಸ್ ಕೊಡು ಎಂದು ಕೇಳಲು ಬಂದವಳು ಅದನ್ನು ಕೇಳಲಿಲ್ಲ.

ಅತ್ತೆ ಜಗಲಿಗೆ ಹೋಗಿ ಕುಕ್ಕೆಯಿಂದ ಒಂದು ಬಾದಾಮಿ ಮಾವಿನಹಣ್ಣು ಆರಿಸಿ ತಂದು, ಚಾಪೆಯ ಮೇಲೆ ಗೋಡೆಯ ಫೋಟೋಗೆ ಎದುರಾಗಿ ಕೂತಳು. ಚಾಕುವನ್ನು ಎಡಗೈಯಲ್ಲಿ ಹಿಡಿದಳು. ನಾನು ಅಲ್ಲೇ ಇದ್ದೆ, ಬಾವನೂ ಇದ್ದ, ಬಾಗಿಲಲ್ಲಿ ಫೋಟೋ ನೋಡಲು ಬಂದ ಪಕ್ಕದ ಮನೆಯವರೂ ನಿಂತಿದ್ದರು. ಅವಳು ಸರಸರನೆ ಹೆಚ್ಚಿದಳು, ಬಲಗೈಯಲ್ಲಿ ಅವಳು ಅಷ್ಟು ಚೆನ್ನಾಗಿ ಹೆಚ್ಚಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಚಾಕು ಕೆಳಗಿಟ್ಟು, ಅದೇ ಕೈಯಲ್ಲಿ ದೊಡ್ಡ ಹೋಳು ತೆಗೆದು ನನ್ನ ಕಡೆಗೆ ಚಾಚಿದಳು.

"ಅಮ್ಮಾ, ಎಡಗೈ," ಎಂದ ಬಾವ, ರೂಢಿಯ ಮೇಲೆ.

"ಗೊತ್ತು ಬಿಡೋ," ಎಂದಳು. "ನಾಯನ ಇದಾನೆ."

ಎಡಗೈಯಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳಬಾರದು ಎಂದು ಚಿಕ್ಕಂದಿನಲ್ಲಿ ನನಗೆ ಕಲಿಸಿದವಳು ಅವಳೇ. ತೆಗೆದುಕೊಂಡೆ.